ಜ್ವರಕ್ಕೆ ಇ.ಎಸ್.ಐ. ಇದೆ, ಕೋರ್ಟಿಗೆ ಏನಿದೆ?

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ. ಈ ಗಾದೆ ಕೇಳದೆ ಬೆಳೆದವರು ನಮ್ಮ ಕಡೆ ಯಾರೂ ಇಲ್ಲ. ಹಿರಿಯರು ನೊಂದು ಹೇಳಿದ ಮಾತು, ಇರಲಿ. ಆದರೆ ಈ ಗಾದೆಯಿಂದ ಇಷ್ಟು ವರ್ಷ ಲಾಭ ಮಾಡಿಕೊಂಡವರು ಯಾರು ಸ್ವಾಮಿ? ಬಾಡಿಗೆದಾರನ ಅಡ್ವಾನ್ಸು ನುಂಗಿದ ಮನೆ ಮಾಲೀಕ. ಒಂದೇ ಸೈಟನ್ನು ಮೂವರಿಗೆ ಮಾರಿದ ದಳ್ಳಾಳಿ. ದುಡಿಸಿಕೊಂಡು ಲೆಕ್ಕ ಕೊಡದ ಧಣಿ. "ಹೋಗಯ್ಯಾ, ಕೋರ್ಟಿಗೆ ಹೋಗು" ಅಂತ ಎದೆ ಮುಂದೆ ಮಾಡಿ ಹೇಳುವವರು ಇವರೇ. ಎದುರಿನವನು ಹೋಗೋದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಮೊನ್ನೆ ಸಂಜೆ ವಿಜಯನಗರದ ಬಸ್ ನಿಲ್ದಾಣದಲ್ಲಿ ಕೆಂಗೇರಿ ಕಡೆಯ ಬಸ್ಸಿಗೆ ಕಾಯುತ್ತಿದ್ದೆ. ಪರಿಚಯದ ಹೆಣ್ಣುಮಗಳೊಬ್ಬರು ಸಿಕ್ಕಿದರು. ಮೈಸೂರು ರಸ್ತೆಯ ಕಡೆ ಒಂದು ಗಾರ್ಮೆಂಟ್ಸಿನಲ್ಲಿ ಒಂಬತ್ತು ವರ್ಷ ಹೊಲಿಗೆ ಮಿಷನ್ ಮೇಲೆ ಕೂತವರು. ಕಳೆದ ತಿಂಗಳು ಕರೆಸಿ, "ರಾಜೀನಾಮೆ ಬರೆದುಕೊಡಿ, ಲೆಕ್ಕ ಮಾಡಿಕೊಡ್ತೀವಿ" ಅಂದರಂತೆ. ಬರೆದುಕೊಟ್ಟರು. ಇಪ್ಪತ್ತು ಸಾವಿರ ಕೈಗಿಟ್ಟು ಇಂಗ್ಲಿಷಿನ ಕಾಗದಕ್ಕೆ ರುಜು ಹಾಕಿಸಿಕೊಂಡರು. ಅದರಲ್ಲಿ ಏನು ಬರೆದಿತ್ತು ಅಂತ ಕೇಳಿದೆ. "ಎಲ್ಲ ಬಂತು, ಇನ್ನೇನೂ ಬಾಕಿ ಇಲ್ಲ ಅಂತ ಬರೆದಿದ್ಯಂತೆ ಅಣ್ಣ. ಆಮೇಲೆ ನಮ್ಮ ಪಕ್ಕದ ಮನೆ ಹುಡುಗ ಓದಿ ಹೇಳ್ದ" ಅಂದರು.

ಅಲ್ಲೇ ನಿಂತು ಲೆಕ್ಕ ಹಾಕಿದೆವು. ಗ್ರಾಚ್ಯುಟಿಯ ಲೆಕ್ಕ ಏನೂ ಬ್ರಹ್ಮವಿದ್ಯೆ ಅಲ್ಲ. ಐದು ವರ್ಷ ದುಡಿದಿರಬೇಕು. ಕೊನೆಯ ತಿಂಗಳ ಮೂಲ ಸಂಬಳ, ತುಟ್ಟಿಭತ್ಯೆ ಕೂಡಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ದುಡಿದ ವರ್ಷಗಳಿಂದ ಇನ್ನೊಮ್ಮೆ ಗುಣಿಸಬೇಕು. ಆಕೆಯದು 12,500 ರೂಪಾಯಿ, ಒಂಬತ್ತು ವರ್ಷ. ಬಂದ ಮೊತ್ತ 64,904 ರೂಪಾಯಿ. ರಾಜೀನಾಮೆ ಕೊಟ್ಟರೂ ಈ ಹಣ ಸಲ್ಲಬೇಕು. ಕೊಟ್ಟಿದ್ದು ಇಪ್ಪತ್ತು ಸಾವಿರ. ಅದರಲ್ಲೇ ರಜೆ ಹಣವೂ ಸೇರಿತ್ತಂತೆ!

ವಕೀಲರೊಬ್ಬರನ್ನು ಕಂಡಿದ್ದರು. ಮೊದಲಿಗೆ ಹದಿನೈದು ಸಾವಿರ, ಆಮೇಲೆ ವಾಯಿದೆಗೊಂದಿಷ್ಟು ಅಂದರಂತೆ. ಆಕೆ ಸುಮ್ಮನಾದರು. ನಾನು, "ಅಕ್ಕಾ, ನಿಮಗೆ ಕಾಸಿಲ್ಲದೆ ಸರಕಾರವೇ ವಕೀಲರನ್ನು ಕೊಡುತ್ತೆ, ಕಾಯಿದೆ ಇದೆ" ಅಂದೆ. ಆಕೆ ನಕ್ಕುಬಿಟ್ಟರು. "ಸುಮ್ನಿರಣ್ಣ. ಬಿಟ್ಟಿ ಬರೋ ವಕೀಲ ಕೇಸು ಗೆಲ್ಲಿಸ್ತಾನಾ?"

ಬಸ್ಸು ಬಂತು. ಮಾತು ನಿಂತಿತು. ಆದರೆ ನನ್ನ ತಲೆಯಲ್ಲಿ ಅದು ನಿಲ್ಲಲಿಲ್ಲ.

ನಮ್ಮ ಮನೆಯ ಲೆಕ್ಕ

ನಿಲ್ಲದಿರುವುದಕ್ಕೆ ಕಾರಣ ಇದೆ. 2005ರಲ್ಲಿ ನಾನು ಪಿ.ಯು.ಸಿ. ಓದುತ್ತಿದ್ದೆ. ನಮ್ಮ ತಂದೆ ಈ ಪಶ್ಚಿಮ ಭಾಗದಲ್ಲೇ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸದವರು. ಹದಿನೆಂಟು ವರ್ಷ ಸರ್ವಿಸು. ಹೆಸರು ಈಗ ಬೇಡ. ಕಾರ್ಖಾನೆ ಮುಚ್ಚಿದರು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ತಲೆಗೆ ಹದಿನಾರು ಸಾವಿರದಂತೆ ಕೊಟ್ಟು ರುಜು ಮಾಡಿಸಿಕೊಂಡರು. ತಂದೆಯ ಸಂಬಳ ಆಗ ನಾಲ್ಕು ಸಾವಿರ. ಮೇಲಿನ ಸೂತ್ರ ಹಾಕಿ ನೋಡಿ: 41,538 ರೂಪಾಯಿ. ಕಡಿಮೆ ಬಿದ್ದದ್ದು 25,538. ಆ ದುಡ್ಡಿಲ್ಲದೆ ನನ್ನ ಓದು ನಿಂತಿತು, ನಾನು ಪತ್ರಿಕೆ ಕೆಲಸಕ್ಕೆ ಬಂದೆ. ಓದು ನಿಂತದ್ದಕ್ಕೆ ಈಗ ಅಳುತ್ತಿಲ್ಲ. ಸಿಟ್ಟು ಬರುವುದು ಬೇರೆ ವಿಷಯಕ್ಕೆ.

1972ರ ಗ್ರಾಚ್ಯುಟಿ ಕಾಯಿದೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ಕಾಯಿದೆಗೆ ವಿರುದ್ಧವಾದ ಯಾವ ಕರಾರೂ ನಿಲ್ಲುವುದಿಲ್ಲ. ಅಂದರೆ ತಂದೆ ರುಜು ಹಾಕಿದ ಕಾಗದದಿಂದ ಅವರ ಹಕ್ಕು ಸತ್ತಿರಲಿಲ್ಲ. ಕಾರ್ಮಿಕ ಇಲಾಖೆಯ ಅಧಿಕಾರಿಗೆ ಒಂದು ಅರ್ಜಿ ಹಾಕಿದ್ದರೆ ಸಾಕಿತ್ತು. ಇನ್ನೂ ಒಂದು ಮಾತು. ಕಾರ್ಖಾನೆ ಕಾರ್ಮಿಕನಾದ್ದರಿಂದ ಆಗಲೂ ಅವರಿಗೆ ಉಚಿತ ವಕೀಲರು ಸಿಗುತ್ತಿದ್ದರು. ಇದನ್ನು ನಮಗೆ ಹೇಳುವವರು ಯಾರೂ ಇರಲಿಲ್ಲ. ನನಗೇ ತಿಳಿದದ್ದು ವರದಿಗಾರನಾಗಿ ಹತ್ತು ವರ್ಷ ಕಳೆದ ಮೇಲೆ. ಅಷ್ಟು ಹೊತ್ತಿಗೆ ತಂದೆಯೂ ಇರಲಿಲ್ಲ.

ರಾಜಾಜಿನಗರದ ಆಸ್ಪತ್ರೆ ಹೇಳುವ ಪಾಠ

ಈಗ ರಾಜಾಜಿನಗರಕ್ಕೆ ಬನ್ನಿ. ಇ.ಎಸ್.ಐ. ಆಸ್ಪತ್ರೆ ಯಾರಿಗೆ ಗೊತ್ತಿಲ್ಲ? ಕ್ಯೂ ಉದ್ದ, ಬೈಗುಳ ಜಾಸ್ತಿ, ಔಷಧಿ ಚೀಟಿ ಹಿಡಿದು ಅಲೆದಾಟ, ಎಲ್ಲ ನಿಜ. ಆದರೂ ಕಾಮಾಕ್ಷಿಪಾಳ್ಯದ ಲೇತ್ ಕಾರ್ಖಾನೆಯ ಹುಡುಗನ ಬೆರಳು ತುಂಡಾದರೆ ಅವನು ಮೊದಲು ನೆನೆಯುವುದು ಆ ಕಾರ್ಡನ್ನೇ. ಆ ಏರ್ಪಾಡು ಹೇಗೆ ನಡೆಯುತ್ತದೆ? 2019ರ ಜುಲೈಯಿಂದ ಕಾರ್ಮಿಕನ ಸಂಬಳದಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನಿಂದ ನೂರಕ್ಕೆ ಮೂರೂಕಾಲು ರೂಪಾಯಿ. ಹದಿನೈದು ಸಾವಿರ ಸಂಬಳದವನಿಗೆ ತಿಂಗಳಿಗೆ 113 ರೂಪಾಯಿ ಹಿಡಿತ, ಮಾಲೀಕನಿಗೆ 488. ಕಾಯಿಲೆ ಎಲ್ಲರಿಗೂ ಒಂದೇ ತಿಂಗಳು ಬರೋದಿಲ್ಲ. ಹತ್ತು ಜನರ ಸಣ್ಣ ದುಡ್ಡು ಒಬ್ಬನ ದೊಡ್ಡ ಕಷ್ಟಕ್ಕೆ ಆಗುತ್ತದೆ. ವಿಮೆ ಅಂದರೆ ಇಷ್ಟೇ.

1948ರಲ್ಲಿ ಆ ಕಾಯಿದೆ ಬಂದಾಗ, ಕಾರ್ಮಿಕನ ಜ್ವರಕ್ಕೆ ಮಾಲೀಕ ಯಾಕೆ ದುಡ್ಡು ಕೊಡಬೇಕು ಎಂಬ ಪ್ರಶ್ನೆಗೆ ದೇಶ ಉತ್ತರ ಕೊಟ್ಟಿತು. ಜ್ವರ ಬಂದವನು ಕೆಲಸಕ್ಕೆ ಬರಲಾರ ಅಂತ. ಸರಿ, ಕೋರ್ಟಿನ ವಾಯಿದೆ ಇದ್ದವನು ಬರುತ್ತಾನಾ? ಸೈಟು ಕಳೆದುಕೊಂಡವನ ಕೈ ಮಿಷನ್ ಮೇಲೆ ನಿಲ್ಲುತ್ತದಾ? ಗಂಡ ಬಿಟ್ಟು ಹೋದ ಹೆಣ್ಣುಮಗಳು ಜೀವನಾಂಶದ ಚಿಂತೆಯಲ್ಲಿ ಹೊಲಿಗೆ ತಪ್ಪಿಸಿದರೆ ಸೂಪರ್‌ವೈಸರ್ ಬಯ್ಯುತ್ತಾನೆ, ಅಷ್ಟೇ. ಮೈಯ ಜ್ವರಕ್ಕೆ ವಿಮೆ ಮಾಡಿದವರು ವ್ಯಾಜ್ಯದ ಜ್ವರವನ್ನು ಮರೆತರು.

ಹೀಗೂ ಒಂದು ವಿಮೆ ಉಂಟಾ ಎಂದು ಕೇಳಬೇಡಿ. ನಿಮ್ಮ ಸ್ಕೂಟರಿನ ಡಿಕ್ಕಿಯಲ್ಲೇ ಅದರ ತಮ್ಮ ಇದ್ದಾನೆ. ಥರ್ಡ್ ಪಾರ್ಟಿ ವಿಮೆ ಅಂತೀವಲ್ಲ, ನಿಮ್ಮ ಗಾಡಿ ಯಾರಿಗೋ ಗುದ್ದಿ ಅವರು ಪರಿಹಾರದ ಕೇಸು ಹಾಕಿದರೆ ವಿಮೆ ಕಂಪನಿಯೇ ವಕೀಲರನ್ನು ಇಟ್ಟು ಆ ಕೇಸು ನಡೆಸುತ್ತದೆ. ಕೋರ್ಟು ಖರ್ಚಿನ ವಿಮೆ ಹುಟ್ಟಿದ್ದೂ ಗಾಡಿಯಿಂದಲೇ. 1917ರಲ್ಲಿ ಫ್ರಾನ್ಸಿನ ಲೆ ಮಾನ್ ಊರಿನಲ್ಲಿ ಮೋಟಾರು ಸವಾರರಿಗಾಗಿ ಶುರುವಾಯಿತು. ಹತ್ತು ಹನ್ನೊಂದು ವರ್ಷದಲ್ಲಿ ಜರ್ಮನಿಗೆ ಹೋಯಿತು. ಈಗ ಅಲ್ಲಿ ಮನೆ ಬಾಡಿಗೆ, ಕೆಲಸ, ರಸ್ತೆ ಅಪಘಾತ, ಇವೆಲ್ಲದರ ವ್ಯಾಜ್ಯಕ್ಕೆ ಜನ ವರ್ಷ ವರ್ಷ ಕಂತು ಕಟ್ಟಿ ವಿಮೆ ಇಟ್ಟುಕೊಳ್ಳುತ್ತಾರೆ. ಸ್ವೀಡನ್ನಿನಲ್ಲಿ ಮನೆ ವಿಮೆಯ ಜೊತೆಯಲ್ಲೇ ಅದು ಬರುತ್ತದೆ.

ನೌಕರಿಯ ಜೊತೆ ಕೊಡುವ ಪದ್ಧತಿ ಅಮೆರಿಕದ್ದು. ಅದನ್ನು ಶುರು ಮಾಡಿದವರು ಸೂಟುಬೂಟಿನವರಲ್ಲ. 1971ರಲ್ಲಿ ಲೂಸಿಯಾನಾ ರಾಜ್ಯದ ಶ್ರೀವ್‌ಪೋರ್ಟ್ ಊರಿನ ಕಟ್ಟಡ ಕೂಲಿಗಳ ಸಂಘ. ಕೂಲಿಯಿಂದ ಸಣ್ಣ ವಂತಿಗೆ ಸೇರಿಸಿ, ಸದಸ್ಯರ ಸಾಲ, ಮನೆ, ಸಂಸಾರದ ವ್ಯಾಜ್ಯಗಳಿಗೆ ವಕೀಲರ ಖರ್ಚು ಕೊಟ್ಟರು. 1973ರಲ್ಲಿ ಅಲ್ಲಿನ ಕಾನೂನು ಬದಲಾಗಿ ಮಾಲೀಕರೂ ಇಂಥ ನಿಧಿಗೆ ಹಣ ಹಾಕಬಹುದು ಎಂದಾಯಿತು. ಆಮೇಲೆ ಮೋಟಾರು ಕಾರ್ಖಾನೆಗಳ ಕಾರ್ಮಿಕರೂ ಸಂಬಳದ ಒಪ್ಪಂದದಲ್ಲೇ ಇದನ್ನು ಬರೆಸಿಕೊಂಡರು. ಕೂಲಿಗಳು ಕೇಳಿ ಪಡೆದ ಸವಲತ್ತು ಇದು.

ನಮ್ಮಲ್ಲಿ? ಪೀಣ್ಯ, ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟು, ಮೈಸೂರು ರಸ್ತೆ, ನಾಲ್ಕಾರು ಗೇಟುಗಳ ಮುಂದೆ ನಿಂತು ಕೇಳಿದೆ. "ಅದೇನ್ ಸಾರ್ ಅದು?" ಅಂದವರೇ ಎಲ್ಲ. ಒಬ್ಬ ಮಾತ್ರ, "ವಕೀಲರು ಬೇಕಾಗೋ ಕೆಲ್ಸ ನಾವೇನ್ ಮಾಡಿದೀವಿ ಸಾರ್?" ಅಂತ ಗಾಬರಿಯಾದ.

ಗೋಪಾಲಪುರದ ಮಿಲ್ಲು, ದೆಹಲಿಯ ಕೋರ್ಟು

ಆ ಗಾಬರಿಯನ್ನು ನೋಡಿ ನನಗೆ ಮಾಗಡಿ ರಸ್ತೆಯ ಗೋಪಾಲಪುರದ ಮಿನರ್ವ ಮಿಲ್ಲು ನೆನಪಾಯಿತು. ದಿನಾ ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವವರಿಗೆ ಅದೊಂದು ಹಳೇ ಮಿಲ್ಲು. ಕಾನೂನು ಓದುವ ಹುಡುಗರಿಗೆ ದೇಶದ ಯಾವ ಮೂಲೆಯಲ್ಲೂ ಆ ಹೆಸರು ಬಾಯಿಪಾಠ. ಸರಕಾರ 1971ರಲ್ಲಿ ಅದರ ಆಡಳಿತ ವಹಿಸಿಕೊಂಡಿತು, 1974ರ ಕಾಯಿದೆಯಲ್ಲಿ ರಾಷ್ಟ್ರೀಕರಣ ಮಾಡಿತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ಅವರ ಪರ ನಿಂತು ವಾದಿಸಿದವರು ನಾನಿ ಪಾಲ್ಖಿವಾಲಾ. 1980ರ ಜುಲೈ 31ರಂದು ತೀರ್ಪು ಬಂತು. ತುರ್ತು ಪರಿಸ್ಥಿತಿಯಲ್ಲಿ ಮಾಡಿದ ಸಂವಿಧಾನದ 42ನೇ ತಿದ್ದುಪಡಿಯ ಎರಡು ಕಲಮುಗಳು, 4 ಮತ್ತು 55, ಬಿದ್ದುಹೋದವು. ಪಾರ್ಲಿಮೆಂಟಿನ ಅಧಿಕಾರಕ್ಕೂ ಮಿತಿ ಇದೆ ಎಂದು ನಮ್ಮ ಗೋಪಾಲಪುರದ ಮಿಲ್ಲಿನ ಕೇಸು ದೇಶಕ್ಕೆ ಸಾರಿತು. ಹೆಮ್ಮೆಯ ವಿಷಯವೇ.

ಆದರೆ ಅದೇ 42ನೇ ತಿದ್ದುಪಡಿಯಲ್ಲಿ ಇನ್ನೊಂದು ಸಾಲೂ ಇತ್ತು. 39ಎ ಎಂಬ ವಿಧಿ. ದುಡ್ಡಿಲ್ಲ ಅಥವಾ ಬೇರೆ ಅಡಚಣೆ ಇದೆ ಎಂಬ ಕಾರಣಕ್ಕೆ ಯಾವ ಪ್ರಜೆಗೂ ನ್ಯಾಯ ತಪ್ಪಬಾರದು, ಸರಕಾರ ಉಚಿತ ಕಾನೂನು ನೆರವು ಕೊಡಬೇಕು ಎಂಬುದು ಅದರ ತಿರುಳು. ಕೋರ್ಟಿನ ಕತ್ತರಿಯಿಂದ ಅದು ಉಳಿದುಕೊಂಡಿತು. ಉಳಿದೂ ನಮ್ಮ ಬೀದಿಗೆ ಬಂದು ಮುಟ್ಟಲಿಲ್ಲ! ಮಿಲ್ಲಿನ ಧಣಿಗೆ ದೇಶದ ದೊಡ್ಡ ವಕೀಲರು ಸಿಕ್ಕರು. ಲೇತ್ ಮುಂದೆ ನಿಂತವನಿಗೆ ಒಂದು ಅರ್ಜಿ ಬರೆದುಕೊಡುವವರು ಸಿಗಲಿಲ್ಲ.

ಇದೆ, ಆದರೆ ಗೊತ್ತಿಲ್ಲ

39ಎ ಸಾಲಿಗೆ ಕೈಕಾಲು ಬಂದದ್ದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಿಂದ. ಅದು ಜಾರಿಯಾದದ್ದು 1995ರ ನವೆಂಬರ್ 9ರಂದು. ಅದರ 12ನೇ ಕಲಮನ್ನು ಈ ಪತ್ರಿಕೆ ಓದುವ ಪ್ರತಿಯೊಬ್ಬರೂ ಕತ್ತರಿಸಿ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಉಚಿತ ವಕೀಲರು ಯಾರಿಗೆ? ಹೆಂಗಸರು, ಮಕ್ಕಳು. ಪರಿಶಿಷ್ಟ ಜಾತಿ, ಪಂಗಡದವರು. ಅಂಗವಿಕಲರು. ಪೋಲೀಸರ ಅಥವಾ ಜೈಲಿನ ವಶದಲ್ಲಿ ಇರುವವರು. ನೆರೆ, ಬರ, ಭೂಕಂಪ, ಕೈಗಾರಿಕಾ ದುರಂತದಲ್ಲಿ ಸಿಕ್ಕಿದವರು. ಮತ್ತು ಕೈಗಾರಿಕಾ ಕಾರ್ಮಿಕರು. ಇವರಿಗೆಲ್ಲ ಆದಾಯ ಎಷ್ಟು ಎಂದು ಕೇಳುವ ಹಾಗಿಲ್ಲ. ಉಳಿದವರಿಗೆ ಆದಾಯದ ಮಿತಿ ಇದೆ. ಕೇಸಿನಲ್ಲಿ ಹುರುಳಿದೆ ಎಂದು ಮಾತ್ರ ನೋಡುತ್ತಾರೆ.

ಹಾಗಾದರೆ ವಿಜಯನಗರದಲ್ಲಿ ಸಿಕ್ಕ ಆ ಹೆಣ್ಣುಮಗಳಿಗೆ ಹಕ್ಕು ಎರಡು ದಾರಿಯಿಂದ ಬರುತ್ತದೆ. ಹೆಂಗಸು ಅಂತ ಒಂದು, ಕಾರ್ಮಿಕಳು ಅಂತ ಇನ್ನೊಂದು. ಆಕೆ ಫೋನಿನಲ್ಲಿ 15100 ಒತ್ತಿದರೆ ಸಾಕು. ಇಲ್ಲವೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ, ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೆ ಹೋಗಿ ಬಿಳಿ ಕಾಗದದಲ್ಲಿ ಬರೆದುಕೊಟ್ಟರೂ ಆಯಿತು. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟು ಶುಲ್ಕ ವಾಪಸ್ಸು, ಮೇಲ್ಮನವಿಯ ಕಾಟವೂ ಇಲ್ಲ.

ಇಷ್ಟಿದ್ದ ಮೇಲೆ ವಿಮೆ ಬೇರೆ ಯಾಕಯ್ಯಾ ಎಂದು ಕೇಳುವವರಿದ್ದಾರೆ. ಕಾರಣ ಹೇಳುತ್ತೇನೆ.

ಉಚಿತ ವಕೀಲರನ್ನು ಜನ ಹುಡುಕುವುದು ಮನೆಗೆ ಬೆಂಕಿ ಬಿದ್ದ ಮೇಲೆ. ಸಮನ್ಸು ಬಂದಾಗ, ಗಂಡ ಹೊರಗೆ ಹಾಕಿದಾಗ, ಕೆಲಸ ಹೋದಾಗ. ನಮ್ಮ ಜನಕ್ಕೆ ಬೇಕಾಗಿರುವುದು ಅದಕ್ಕೂ ಮುಂಚೆ. ರುಜು ಹಾಕುವ ಮುಂಚೆ ಕಾಗದ ಓದಿ ಹೇಳುವವರು. ಕೆಂಗೇರಿಯಾಚೆ ಮೂವತ್ತು ನಲವತ್ತರ ಸೈಟಿಗೆ ಮುಂಗಡ ಕೊಡುವ ಮುಂಚೆ ಪತ್ರ ನೋಡಿ, "ಇದು ರೆವಿನ್ಯೂ ಸೈಟು, ಭೂ ಪರಿವರ್ತನೆ ಆಗಿಲ್ಲ, ಬೇಡ" ಅನ್ನುವವರು. ಬಾಡಿಗೆ ಕರಾರಿನಲ್ಲಿ ಅಡ್ವಾನ್ಸು ಯಾವಾಗ ವಾಪಸ್ಸು ಎಂದು ಬರೆಸುವವರು. ಚೀಟಿ ಹಾಕುವ ಮುಂಚೆ ಅದು ನೋಂದಣಿಯಾಗಿದೆಯಾ ಎಂದು ಕೇಳುವವರು. ಕಾಯಿಲೆಯಲ್ಲೂ ಹಾಗೇ ಅಲ್ಲವೇ? ಆಪರೇಷನ್ನು ದುಬಾರಿ, ಮುಂಚೆ ತೋರಿಸಿಕೊಳ್ಳುವುದು ಅಗ್ಗ. ವ್ಯಾಜ್ಯದ ವಿಮೆಯ ನಿಜವಾದ ಲಾಭ ಈ ಮುಂಚಿನ ಮಾತಿನಲ್ಲಿದೆ.

ಇನ್ನೊಂದು, 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 29 ಹಳೇ ಕಾಯಿದೆಗಳನ್ನು ಕಲಸಿ ನಾಲ್ಕು ಮಾಡಿದ್ದಾರೆ. ಅವಧಿ ಕರಾರಿನ ಕೆಲಸಗಾರನಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಹಕ್ಕು ಎಂಬಂಥ ಒಳ್ಳೆಯ ಮಾತೂ ಅದರಲ್ಲಿದೆ. ಇನ್ನು ಕೆಲವು ಕಲಮುಗಳಿಗೆ ಕಾರ್ಮಿಕ ಸಂಘಗಳ ವಿರೋಧ ಇದೆ. ಒಳ್ಳೆಯದೋ ಕೆಟ್ಟದ್ದೋ, ಹೊಲಿಗೆ ಮಿಷನ್ ಮುಂದೆ ಕೂತವಳಿಗೆ ಕನ್ನಡದಲ್ಲಿ ಬಿಡಿಸಿ ಹೇಳುವವರು ಯಾರು?

2016ರ ಏಪ್ರಿಲ್ ನೆನಪಿದೆಯಾ? ಪಿ.ಎಫ್. ಹಣ ತೆಗೆಯುವ ನಿಯಮ ಬದಲಾಯಿಸಿದರು ಎಂದು ಗಾರ್ಮೆಂಟ್ಸಿನ ಹೆಣ್ಣುಮಕ್ಕಳು 18, 19ನೇ ತಾರೀಖು ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದರು. ಬಸ್ಸುಗಳು ಸುಟ್ಟವು, ಲಾಠಿ ಬಿತ್ತು, ನೀವೆಲ್ಲ ದಾರಿಯಲ್ಲಿ ಸಿಕ್ಕಿಕೊಂಡಿರಿ. ಎರಡೇ ದಿನಕ್ಕೆ ಕೇಂದ್ರ ಸರಕಾರ ನಿಯಮ ವಾಪಸ್ಸು ತೆಗೆದುಕೊಂಡಿತು. ಸಾವಿರಾರು ಜನ ಒಟ್ಟಿಗೆ ನಿಂತರೆ ದೆಹಲಿ ಬಗ್ಗುತ್ತದೆ, ಸರಿ. ಆದರೆ ಒಬ್ಬಳ 64,904 ರೂಪಾಯಿಗೆ ಯಾರೂ ರಸ್ತೆ ತಡೆಯುವುದಿಲ್ಲ. ಆ ಒಬ್ಬಳಿಗೆ ಬೇಕಾದದ್ದು ಒಬ್ಬ ವಕೀಲ.

ಮಾಲೀಕ ಕೊಟ್ಟ ವಕೀಲ ಯಾರ ಕಡೆ?

ಇಲ್ಲಿ ಎಚ್ಚರವೂ ಬೇಕು. ನಾಳೆ ಯಾವುದೋ ಕಂಪನಿ ಬಂದು, "ನಿಮ್ಮ ನೌಕರರಿಗೆಲ್ಲ ಕಾನೂನು ವಿಮೆ ಮಾಡಿಸ್ತೀವಿ" ಎಂದು ಮಾಲೀಕರಿಗೆ ಮಾರಿದರೆ ಕಣ್ಣು ಮುಚ್ಚಿ ಚಪ್ಪಾಳೆ ಹೊಡೆಯಬೇಡಿ. ಸಣ್ಣ ಅಕ್ಷರ ಓದಿ. ಇಂಥ ವಿಮೆಗಳಲ್ಲಿ ಸಾಮಾನ್ಯವಾಗಿ ಹಳೇ ವ್ಯಾಜ್ಯ ಸೇರುವುದಿಲ್ಲ. ಮೊದಲ ಕೆಲವು ತಿಂಗಳು ಕಾಯಬೇಕು. ಖರ್ಚಿಗೆ ಮಿತಿ ಇರುತ್ತದೆ. ವಕೀಲರನ್ನು ಅವರ ಪಟ್ಟಿಯಿಂದಲೇ ಆರಿಸಬೇಕಾಗಬಹುದು.

ಎಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ಅಮೆರಿಕದ 1973ರ ಆ ಕಾನೂನಿನಲ್ಲೇ ಒಂದು ಬೇಲಿ ಹಾಕಿದ್ದಾರೆ: ಮಾಲೀಕ ಹಣ ಹಾಕಿದ ನಿಧಿಯಿಂದ ಆ ಮಾಲೀಕನ ಮೇಲೆಯೇ ಕೇಸು ನಡೆಸುವಂತಿಲ್ಲ, ಕೆಲಸದಲ್ಲಾದ ಗಾಯದ ಪರಿಹಾರ ಬಿಟ್ಟು. ಅಂದರೆ ಪಕ್ಕದ ಮನೆಯವನ ಮೇಲೆ ಹೋರಾಡಲು ವಕೀಲ ಸಿಗುತ್ತಾನೆ, ಗ್ರಾಚ್ಯುಟಿ ನುಂಗಿದವನ ಮೇಲೆ ಸಿಗುವುದಿಲ್ಲ. ಧಣಿ ಕೊಟ್ಟ ಕೊಡೆ ಮಳೆಗೆ ಆಗುತ್ತದೆ, ಧಣಿ ಎಸೆದ ಕಲ್ಲಿಗೆ ಆಗುವುದಿಲ್ಲ. ಮಾಲೀಕರ ದೃಷ್ಟಿಯಿಂದ ಇದು ಸಹಜ. ತನ್ನ ದುಡ್ಡಿನಲ್ಲಿ ತನ್ನ ಮೇಲೇ ಕೇಸು ಹಾಕಿಸಿಕೊಳ್ಳಲು ಯಾವ ಮಾಲೀಕ ಒಪ್ಪುತ್ತಾನೆ? ಆದ್ದರಿಂದ ಈ ನಿಧಿಯ ಕೀಲಿಕೈ ಮಾಲೀಕನ ಕೈಯಲ್ಲಿ ಇರಬಾರದು. ಇ.ಎಸ್.ಐ. ಹಾಗೆ ಮೂರನೆಯವರ ಕೈಯಲ್ಲಿ ಇರಬೇಕು.

ಅಂಥ ಕೈ ಕರ್ನಾಟಕದಲ್ಲಿ ಆಗಲೇ ಇದೆ. 1965ರ ಕರ್ನಾಟಕ ಕಾರ್ಮಿಕ ಕಲ್ಯಾಣ ನಿಧಿ ಕಾಯಿದೆ. ನಿಮ್ಮ ವರ್ಷದ ಕೊನೆಯ ಸಂಬಳದ ಚೀಟಿಯಲ್ಲಿ ಒಂದು ಸಣ್ಣ ಹಿಡಿತ ನೋಡಿರಬಹುದು. ಮೊದಲು ಕಾರ್ಮಿಕನಿಂದ 20, ಮಾಲೀಕನಿಂದ 40, ಸರಕಾರದಿಂದ 20 ರೂಪಾಯಿ, ಒಟ್ಟು 80 ಇತ್ತು. 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಅದು 50, 100, 50 ಆಗಿ ಒಟ್ಟು 200 ಆಯಿತು. ಈ ಹಣದಿಂದ ಕಲ್ಯಾಣ ಮಂಡಳಿ ಕಾರ್ಮಿಕರ ಮಕ್ಕಳಿಗೆ ವಿದ್ಯಾರ್ಥಿವೇತನ, ಕಾಯಿಲೆಗೆ ನೆರವು, ಅಂತ್ಯಕ್ರಿಯೆಗೆ ಸಹಾಯ ಕೊಡುತ್ತದೆ. ಒಳ್ಳೆಯದು. ಓದಿಗೆ ಇದೆ, ಕಾಯಿಲೆಗೆ ಇದೆ, ಸಾವಿಗೂ ಇದೆ. ನ್ಯಾಯಕ್ಕೂ ಒಂದು ಕಂತು ಇರಲಿ.

ಲೆಕ್ಕ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಹೆಚ್ಚಾದ ಹಣ ತಲೆಗೆ ವರ್ಷಕ್ಕೆ 120 ರೂಪಾಯಿ. ಐನೂರು ಜನರ ಒಂದು ಗಾರ್ಮೆಂಟ್ಸಿಗೆ 60,000 ರೂಪಾಯಿ. ಪೂರ್ತಿ ಇದಕ್ಕೇ ಕೊಡಿ ಅಂತ ನಾನು ಕೇಳುತ್ತಿಲ್ಲ. ಅರ್ಧ ಕೊಟ್ಟರೂ ಹದಿನೈದು ದಿನಕ್ಕೊಮ್ಮೆ ಒಬ್ಬ ವಕೀಲರು ಗೇಟಿನ ಹೊರಗೆ, ಗಮನಿಸಿ, ಗೇಟಿನ ಹೊರಗೆ, ಒಂದು ಮೇಜು ಹಾಕಿಕೊಂಡು ಸಂಜೆ ಎರಡು ಗಂಟೆ ಕೂರಬಹುದು. ಒಂದು ಸರತಿಗೆ ಸಾವಿರದ ನೂರು ರೂಪಾಯಿಗೂ ಮೇಲೆ ಅವರಿಗೆ ಸಿಗುತ್ತದೆ. ಕೋರ್ಟಿಗೆ ಹೋಗಲೇಬೇಕಾದ ಕೇಸನ್ನು ಅವರು ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ದಾಟಿಸಲಿ. ಅಲ್ಲಿ ವಕೀಲರಿಗೆ ಫೀಸು ಕೊಡುವುದು ಪ್ರಾಧಿಕಾರ. ಮಾಲೀಕನ ಮೇಲಿನ ಕೇಸಿಗೂ ಅಡ್ಡಿ ಇಲ್ಲ.

ವಾಯಿದೆ ದಿನದ ಕೂಲಿಯ ಪ್ರಶ್ನೆಯೂ ಇದೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೇಟಿಲ್ಲ, ನಿಜ. ಕೆಂಗೇರಿಯಿಂದ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಬಿಟ್ಟಿಯಾಗಿ ಹೋಗಿಬರಬಹುದು. ಆದರೆ ಆ ದಿನದ ಸಂಬಳ ಯಾರು ಕೊಡುತ್ತಾರೆ? ಇ.ಎಸ್.ಐ.ನಲ್ಲಿ ಕಾಯಿಲೆ ರಜೆಗೆ ಭತ್ಯೆ ಇದೆ. ವರ್ಷಕ್ಕೆ ನಾಲ್ಕು ದಿನ ಕೋರ್ಟು ರಜೆ ಕೊಟ್ಟರೆ ಯಾವ ಕಾರ್ಖಾನೆಯೂ ಮುಳುಗುವುದಿಲ್ಲ.

ಅಂಗಡಿಯವರಿಗೂ ಒಂದು ಮಾತು

ಇದೆಲ್ಲ ಕಾರ್ಖಾನೆಯವರ ಪಾಡು, ನಮಗೇನು ಎಂದು ರಾಜಾಜಿನಗರದ, ಬಸವೇಶ್ವರನಗರದ ಅಂಗಡಿಯವರು ಪುಟ ತಿರುವಬೇಡಿ. ನಿಮ್ಮ ಪಾಡು ಒಂದು ಕೈ ಹೆಚ್ಚೇ. ಕಾರ್ಮಿಕನಿಗೆ ಉಚಿತ ವಕೀಲರಿದ್ದಾರೆ. ಆದಾಯದ ಮಿತಿ ದಾಟಿದ ಗಂಡಸು ಅಂಗಡಿಯವನಿಗೆ ಅದೂ ಇಲ್ಲ.

ಗಿರಾಕಿ ಕೊಟ್ಟ ಚೆಕ್ಕು ವಾಪಸ್ಸು ಬಂತು ಅನ್ನಿ. ಬ್ಯಾಂಕಿನ ಚೀಟಿ ಕೈಸೇರಿದ 30 ದಿನದೊಳಗೆ ನೋಟೀಸು ಕೊಡಬೇಕು. ನೋಟೀಸು ತಲುಪಿದ ಮೇಲೆ ಅವನಿಗೆ 15 ದಿನ ಸಮಯ. ಆಮೇಲೆ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ಇದು ಗೊತ್ತಿಲ್ಲದೆ, "ಅಣ್ಣಾ ಮುಂದಿನ ವಾರ ಕೊಡ್ತೀನಿ" ಎಂಬ ಮಾತು ನಂಬಿ ನಲವತ್ತು ದಿನ ಕಳೆದವರನ್ನು ನಾನೇ ಕಂಡಿದ್ದೇನೆ. ತಡವನ್ನು ಮನ್ನಿಸಿ ಎಂದು ಕೇಳುವ ಪಾಡು ಬೇರೆ. ಗೆದ್ದರೆ ಪಾಲು ಕೊಡ್ತೀನಿ ಎಂದು ವಕೀಲರ ಹತ್ತಿರ ಹೇಳುವಂತೆಯೂ ಇಲ್ಲ. ಬಾರ್ ಕೌನ್ಸಿಲ್ ನಿಯಮ ಅದನ್ನು ಒಪ್ಪುವುದಿಲ್ಲ. ಕೈಯಿಂದಲೇ ಮೊದಲು ಬಿಚ್ಚಬೇಕು.

ಒಂದು ಬೀದಿಯಲ್ಲಿ ಇನ್ನೂರು ಅಂಗಡಿ ಇವೆ ಅಂತಿಟ್ಟುಕೊಳ್ಳಿ. ಗಣೇಶನ ಹಬ್ಬಕ್ಕೆ ವಂತಿಗೆ ಎತ್ತುತ್ತೀರಿ. ಹಾಗೇ ತಿಂಗಳಿಗೆ ಐವತ್ತು ರೂಪಾಯಿ ಎತ್ತಿ. ಹತ್ತು ಸಾವಿರ ಆಯಿತು. ಒಬ್ಬ ವಕೀಲರನ್ನು ಗೊತ್ತು ಮಾಡಿಕೊಂಡರೆ ನೋಟೀಸು, ಬಾಡಿಗೆ ಕರಾರು, ಲೈಸೆನ್ಸಿನ ತಕರಾರು, ಎಲ್ಲಕ್ಕೂ ಕೇಳಲು ಒಂದು ಬಾಗಿಲಾಯಿತು. ಅಂಗಡಿಯ ಹುಡುಗರನ್ನೂ ಅದರಲ್ಲಿ ಸೇರಿಸಿ. ನಾಳೆ ಅವನ ಅಕ್ಕನ ಸಂಸಾರದ ಗೋಳಿಗೆ ಅವನು ನಿಮ್ಮ ಹತ್ತಿರ ಹತ್ತು ಸಾವಿರ ಮುಂಗಡ ಕೇಳುವುದು ತಪ್ಪುತ್ತದೆ.

ಜಗಳ ಹೆಚ್ಚುತ್ತದೆಯೇ?

ಬೀದಿಗೊಬ್ಬ ವಕೀಲ ಬಂದರೆ ಜಗಳ ಹೆಚ್ಚುತ್ತೆ ಕಣ್ರೀ ಎಂದು ಹಿರಿಯ ವ್ಯಾಪಾರಿಯೊಬ್ಬರು ನನ್ನ ಹತ್ತಿರ ವಾದ ಮಾಡಿದರು. ತಳ್ಳಿಹಾಕುವ ಮಾತಲ್ಲ. ವಿಮೆ ಇದೆ ಎಂದು ಸಣ್ಣದಕ್ಕೂ ಕೋರ್ಟಿಗೆ ಓಡುವವರು ಇರುತ್ತಾರೆ. ಅದಕ್ಕೇ ಮಿತಿ, ಅದಕ್ಕೇ ಮೊದಲು ರಾಜಿ ಎಂಬ ಷರತ್ತು ಇರಲಿ. ಆದರೆ ಇ.ಎಸ್.ಐ. ಬಂದ ಮೇಲೆ ಊರಿನಲ್ಲಿ ಜ್ವರ ಹೆಚ್ಚಾಯಿತೇ? ಜ್ವರ ಇದೆ ಎಂದು ಹೇಳಿಕೊಳ್ಳುವವರು ಹೆಚ್ಚಾದರು, ಅಷ್ಟೇ. ಇವತ್ತು ನಮ್ಮ ಬೀದಿಗಳಲ್ಲಿ ಇರುವುದನ್ನು ಶಾಂತಿ ಅನ್ನಬೇಡಿ. ಅರ್ಧಕ್ಕರ್ಧ ಅದು ಬಾಯಿ ಮುಚ್ಚಿಕೊಂಡ ನಷ್ಟ. ನಮ್ಮ ತಂದೆಯೂ ಜಗಳ ಆಡಲಿಲ್ಲ. ಶಾಂತವಾಗಿ ಬಂದು ಹದಿನಾರು ಸಾವಿರ ಅಮ್ಮನ ಕೈಗೆ ಕೊಟ್ಟು ಮಲಗಿದರು.

ಸರಕಾರ ಮಾಡಬೇಕಾದ ಮೊದಲ ಕೆಲಸಕ್ಕೆ ಹೊಸ ಕಾಯಿದೆಯೂ ಬೇಡ, ಹಣವೂ ಬೇಡ. ಪ್ರತಿ ಕಾರ್ಖಾನೆಯ ಗೇಟಿನಲ್ಲಿ, ಪ್ರತಿ ಸಂಬಳದ ಚೀಟಿಯ ಕೆಳಗೆ, ಕನ್ನಡದಲ್ಲಿ ಒಂದು ಸಾಲು ಹಾಕಿಸಲಿ: ಕಾರ್ಮಿಕರಿಗೆ ವಕೀಲರು ಉಚಿತ, 15100ಕ್ಕೆ ಫೋನ್ ಮಾಡಿ. ಎರಡನೆಯದು, ಕಲ್ಯಾಣ ನಿಧಿಯಲ್ಲಿ ನ್ಯಾಯಕ್ಕೊಂದು ಪಾಲು. ಸಂಘಗಳು ಮುಂದಿನ ಸಂಬಳದ ಒಪ್ಪಂದದಲ್ಲಿ ಬೋನಸ್ಸಿನ ಜೊತೆ ಇದನ್ನೂ ಒಂದು ಬೇಡಿಕೆಯಾಗಿ ಬರೆಯಲಿ.

ಆ ಹೆಣ್ಣುಮಗಳಿಗೆ ನಿನ್ನೆ ಮತ್ತೆ ಫೋನ್ ಮಾಡಿದೆ. ರಾಜೀನಾಮೆ ಪತ್ರದ ನಕಲು, ಸಂಬಳದ ಚೀಟಿಗಳು, ಪಿ.ಎಫ್. ನಂಬರು, ಎಲ್ಲ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿಟ್ಟುಕೊಳ್ಳಿ ಅಂದೆ. "ಬಿಟ್ಟಿ ವಕೀಲ ಅಲ್ಲ ಅಕ್ಕಾ, ನೀವು ಕಟ್ಟಿರೋ ತೆರಿಗೆಯ ವಕೀಲ" ಅಂತಲೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೋಮವಾರ ಬರ್ತೀನಿ, ನೀವೂ ಜೊತೇಲಿ ಇರ್ತೀರಾ ಅಣ್ಣ?" ಅಂದರು.

ಇರುತ್ತೇನೆ. ಏನಾಯಿತು ಎಂಬುದನ್ನು ಇದೇ ಅಂಕಣದಲ್ಲಿ ಬರೆಯುತ್ತೇನೆ. ಅಷ್ಟರಲ್ಲಿ ನೀವು ನಿಮ್ಮ ಸಂಬಳದ ಚೀಟಿ ತೆಗೆದು ಇ.ಎಸ್.ಐ. ಗೆರೆಯ ಕೆಳಗೆ ಇನ್ನೊಂದು ಗೆರೆಗೆ ಜಾಗ ಇದೆಯಾ ನೋಡಿ.